ಹಿತ್ತಲಿಗೆ ಕಾಂಕ್ರೀಟು ಹಾಕಿದ ಭಾನುವಾರ

ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದವರೂ ನನ್ನ ಹಾಗೆ ಎರಡು ಕೈ ಇದ್ದ ಮನುಷ್ಯರೇ. ಅಂಥದ್ದರಲ್ಲಿ ಒಂದು ಹಿತ್ತಲಿಗೆ ಕಾಂಕ್ರೀಟು ಹಾಕಲು ನನ್ನಿಂದಾಗದೆ? ಮೇಸ್ತ್ರಿ ಬೇಡ, ಆಳು ಬೇಡ, ಎಲ್ಲವನ್ನೂ ನಾನೊಬ್ಬನೇ ಮಾಡಿ ಮುಗಿಸುತ್ತೇನೆ ಎಂದು ತೀರ್ಮಾನಿಸಿದೆ. ಈ ತೀರ್ಮಾನವನ್ನು ಗೋಡೆಗೆ ಹೇಳಿದೆ. ಮನೆಯಲ್ಲಿ ಕೇಳಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಚಾಮರಾಜಪುರದ ನಮ್ಮ ಮನೆಯ ಹಿತ್ತಲಿನಲ್ಲಿ ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು ನಿಂತು ಪಾಚಿ ಕಟ್ಟಿತ್ತು. ಆ ಪಾಚಿಯ ಮೇಲೆ ನನ್ನ ಹೆಂಡತಿ ದೇವೀರಮ್ಮ ಜಾರಿಬಿದ್ದು ಕೈ ಮುರಿದುಕೊಂಡಳು. ಅವಳ ಅಣ್ಣ ಪುಟ್ಟಸ್ವಾಮಿ ಬಂದು ನಂಜನಗೂಡಿಗೆ ಕರೆದುಕೊಂಡು ಹೋದ. ಜಟಕಾ ಹತ್ತುವಾಗ ಅವಳು ಹೇಳಿದ್ದಿಷ್ಟೇ:

“ಆ ಹಿತ್ತಲು ಗಟ್ಟಿ ನೆಲ ಆಗೋವರ್ಗೂ ನಾನು ಬರಾಕಿಲ್ಲ ಕಣ್ರೀ. ಇನ್ನೊಂದು ಕೈನೂ ಮುರ್ಕೊಳ್ಳೋ ಆಸೆ ನಂಗಿಲ್ಲ.”

ನನ್ನ ಉದ್ಯೋಗ ಟಾಕೀಸಿನಲ್ಲಿ ಟಿಕೆಟ್ ಕೊಡುವುದು. ಅರ್ಧ ಮೈಸೂರು ನನ್ನ ಮುಂದೆಯೇ ಹಾದುಹೋಗುತ್ತದೆ ನಿಜ, ಆದರೆ ಆ ಕಿಂಡಿಯಲ್ಲಿ ನನಗೆ ಕಾಣುವುದು ಕೈಗಳು ಮಾತ್ರ. ಬಳೆಯ ಕೈ, ಮಸಿಯ ಕೈ, ಪಕ್ಕದವನನ್ನು ತಳ್ಳಿ ನುಗ್ಗುವ ಕೈ. ಮಾತೂ ಅಷ್ಟಕ್ಕಷ್ಟೇ: “ಎರಡು ನೆಲ, ಒಂದು ಬೆಂಚು.” ನೆಲವೆಂದರೆ ನೆಲದ ಮೇಲೆ ಕೂತು ನೋಡುವ ಅಗ್ಗದ ಟಿಕೆಟ್ಟು. ಮನೆಗೆ ಬಂದರೆ ಜಗಳವಾಡುವುದಕ್ಕೂ ಗತಿಯಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬೈಯುವವನೂ ನಾನೇ, ಬೈಸಿಕೊಳ್ಳುವವನೂ ನಾನೇ.

ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ ಅದು. ನಮ್ಮ ಮ್ಯಾನೇಜರ್ ಸುಂದರೇಶನ ಕೈಕಾಲು ಹಿಡಿದು ಅದನ್ನು ಸಂಪಾದಿಸಿದೆ. ಮರಳು, ಜಲ್ಲಿ ಗಾಡಿಯಲ್ಲಿ ಬಂತು.

“ಎಲ್ಲಿ ಸುರೀಲಿ, ಬುದ್ಧಿ?” ಎಂದ ಗಾಡಿಯ ಹುಚ್ಚಣ್ಣ.

“ಹಿತ್ತಲಿಗೆ.”

“ನಮ್ಮೆತ್ಗೋಳು ನಿಮ್ಮಡುಗೆ ಮನೆಯೊಳೀಕೆ ನುಗ್ಗಿ ಓಗಬೇಕಾ?” ಎಂದವನೇ ಎಲ್ಲವನ್ನೂ ಬೀದಿಬಾಗಿಲಲ್ಲೇ ಸುರಿದು ಹೊರಟುಹೋದ.

ಮಂಕರಿಯಲ್ಲಿ ತುಂಬಿಕೊಂಡು, ನಡುಮನೆ ದಾಟಿ, ಅಡುಗೆಮನೆ ದಾಟಿ ಹೊತ್ತೆ. ಅನ್ನದಲ್ಲಿ ಮರಳು, ಹಾಸಿಗೆಯಲ್ಲಿ ಮರಳು. ಹೆಂಡತಿ ಮರಳಲಿ ಎಂದು ಮರಳು ತಂದವನನ್ನು ಬೀದಿಯವರು ಮರುಳ ಎಂದುಕೊಂಡಿರಬೇಕು. ನನಗೆ ಮಾತ್ರ ಅದರಲ್ಲೊಂದು ಸುಖವಿತ್ತು. ಹೆಜ್ಜೆಯಿಟ್ಟಲ್ಲೆಲ್ಲ ಕರಕರ ಎನ್ನುವಾಗ ಮನೆಯಲ್ಲಿ ಇನ್ನೊಬ್ಬರು ಓಡಾಡಿದ ಹಾಗಿರುತ್ತಿತ್ತು.

ಭಾನುವಾರ ಬೆಳಗ್ಗೆ ಬೀದಿಬಾಗಿಲಿನ ಅಗುಳಿ ಹಾಕಿ, ಪಂಚೆ ಎತ್ತಿಕಟ್ಟಿ ರಣರಂಗಕ್ಕಿಳಿದೆ. ರಾಶಿ ಇದ್ದದ್ದು ಹಿತ್ತಲಿನ ತುದಿಯಲ್ಲಿ, ಒಗೆಯುವ ಕಲ್ಲಿನ ಪಕ್ಕ. ಒಂದು ಬಾಣಲೆ ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿ. ಕಲಸಿದೆ, ನೀರು ಹೊಯ್ದೆ, ಮತ್ತೆ ಕಲಸಿದೆ. ದೇವೀರಮ್ಮ ಮೊದಲು ಕಾಲಿಡುವುದು ಅಡುಗೆಮನೆಯ ಬಾಗಿಲಲ್ಲಲ್ಲವೆ? ಆದ್ದರಿಂದ ಅಲ್ಲಿಂದಲೇ ಶುರುಮಾಡಿ, ಹರಡುತ್ತ, ಕರಣೆಯಲ್ಲಿ ಸವರುತ್ತ, ಹಿಂದೆ ಹಿಂದೆ ಸರಿಯುತ್ತ ಬಂದೆ. ಕೊನೆಯ ಬಾಣಲೆ ಸುರಿದು, ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ನೋಡಿದೆ. ಕನ್ನಡಿಯ ಹಾಗಿತ್ತು. ಹೊಟ್ಟೆ ಹಸಿದಿತ್ತು, ಒಳಗೆ ಹೋಗೋಣ ಎಂದು ಕಾಲೆತ್ತಿದೆ.

ಎತ್ತಿದ ಕಾಲನ್ನು ಇಡಲು ಜಾಗವಿರಲಿಲ್ಲ.

ನನಗೂ ಬಾಗಿಲಿಗೂ ನಡುವೆ ಇಡೀ ಹಸಿ ಕಾಂಕ್ರೀಟು. ಬೆನ್ನ ಹಿಂದೆ ಪಕ್ಕದ ಮನೆಯ ಕಾಂಪೌಂಡು ಗೋಡೆ. ಹತ್ತಬಹುದು, ಆದರೆ ಆಚೆಯ ಹಿತ್ತಲು ನಮ್ಮದಕ್ಕಿಂತ ತೀರ ತಗ್ಗು. ನನ್ನ ವಯಸ್ಸಿನಲ್ಲಿ, ನನ್ನ ಹೊಟ್ಟೆ ಹೊತ್ತುಕೊಂಡು ಅಲ್ಲಿಗೆ ಹಾರಿದರೆ ನಂಜನಗೂಡಿನಲ್ಲಿ ಗಂಡಹೆಂಡಿರಿಬ್ಬರಿಗೂ ಹಾಸಿಗೆ ಹಾಸಬೇಕಾಗುತ್ತಿತ್ತು. ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತೆ. ಕೂಗೋಣವೆಂದರೆ ಯಾರ ಹೆಸರು ಹಿಡಿದು ಕೂಗುವುದೆಂದು ಹೊಳೆಯಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಗೋಡೆಯ ಮೇಲೆ ಒಂದು ತಲೆ ಮೂಡಿತು. ಪಕ್ಕದ ಮನೆಯ ಗುರುಸಿದ್ದಯ್ಯನವರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡವರು. ವರ್ಷಗಟ್ಟಲೆ ನೆರೆಯಲ್ಲಿದ್ದರೂ ನಮ್ಮ ನಡುವೆ ತಲೆಯಾಡಿಸುವುದಕ್ಕಿಂತ ಹೆಚ್ಚಿನ ವ್ಯವಹಾರವಿರಲಿಲ್ಲ.

“ಏನ್ ಬೆಟ್ಟಯ್ಯನೋರೆ, ಕಲ್ಲಿನ ಮೇಲೆ ಪ್ರತಿಷ್ಠಾಪನೆ ಆಗ್ಬುಟ್ಟಿದ್ದೀರಿ?”

“ಕಾಂಕ್ರೀಟು ಗಟ್ಟಿಯಾಗ್ಲಿ ಅಂತ.”

“ಎಷ್ಟೊತ್ತಾಯ್ತದೆ?”

“ಸಂಜೆವರ್ಗೂ ಆಗ್ಬೋದು.”

“ಆಗ್ಲಿ ಬುಡಿ, ಅವಸರ ಏನದೆ,” ಎಂದು ಮಾಯವಾದರು. ಬರುವಾಗ ಕೈಯಲ್ಲಿ ಎರಡು ಲೋಟ ಕಾಫಿ.

ಗೋಡೆಯಾಚೆ ಅವರು, ಈಚೆ ಕಲ್ಲಿನ ಮೇಲೆ ನಾನು. ಮಾತು ಎಲ್ಲಿ ಶುರುವಾಯಿತೋ ತಿಳಿಯದು. ರಾತ್ರಿ ರೈಲಿನ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಅರಸೀಕೆರೆಗೆ ಹೋಗುತ್ತಿದ್ದುದನ್ನು ಹೇಳಿದರು. “ಆಗ ಮನೇಲಿ ಒಬ್ರು ಕಾಯ್ತಾ ಇರ್ತಿದ್ರು ನೋಡಿ, ಒಂಟಿ ಅನ್ನಿಸ್ತಿರ್ಲಿಲ್ಲ. ಈಗ್ಲೂ ಕೈ ತಪ್ಪಿ ಎರಡು ಲೋಟ ಕಾಫಿ ಮಾಡ್ಬುಡ್ತೀನಿ.” ನಾನು ಕಿಂಡಿಯ ಕೈಗಳ ಕತೆ ಹೇಳಿದೆ. ದೇವೀರಮ್ಮ ಹೇಗೆಲ್ಲ ಬೈಯುತ್ತಾಳೆಂದು ಅವಳ ಧಾಟಿಯಲ್ಲೇ ಬೈದು ತೋರಿಸಿದೆ. ಅವರು ಕಣ್ಣೊರೆಸಿಕೊಂಡು ನಕ್ಕರು. ಇಷ್ಟು ಮಾತು ನನ್ನೊಳಗೆ ಎಲ್ಲಿತ್ತೋ!

ಅವರು ಲೋಟ ತೊಳೆಯಲು ಇಳಿದು ಹೋಗಿದ್ದರು. ಆಗ ದೂರದಿಂದ ನಮ್ಮ ಟಾಕೀಸಿನಲ್ಲಿ ಆಟಕ್ಕೆ ಮುಂಚೆ ಹಾಕುವ ಹಾಡು ತೇಲಿಬಂತು. ಮಧ್ಯಾಹ್ನದ ಆಟ! ಟಿಕೆಟ್ ಕೊಡಬೇಕಾದವನು ಒಗೆಯುವ ಕಲ್ಲಿನ ಮೇಲೆ ಹರಟೆ ಹೊಡೆಯುತ್ತಿದ್ದಾನೆ! ಯೋಚನೆಗೆ ಸಮಯವಿರಲಿಲ್ಲ. ಕನ್ನಡಿಯಂಥ ನನ್ನ ನೆಲದೊಳಗೆ ಪಚಕ್ ಎಂದು ಇಳಿದೆ. ಪಾದ ಮುಳುಗಿತು, ಕಿತ್ತೆ, ಮತ್ತೆ ಮುಳುಗಿತು. ಹಾಗೇ ಬಾಗಿಲು ಮುಟ್ಟಿ, ಅಂಗಿ ಸಿಕ್ಕಿಸಿಕೊಂಡು ಓಡಿದೆ.

ಕಿಂಡಿಯಲ್ಲಿ ಟಿಕೆಟ್ಟೆಲ್ಲ ನನ್ನ ಸಿಮೆಂಟಿನ ಬೆರಳಿಗೆ ಅಂಟಿಕೊಂಡವು. ಒಂದು ಕೈ ಹೇಳಿತು: “ಸ್ವಾಮಿ, ನಾನು ಕೇಳಿದ್ದು ನೆಲದ ಟಿಕೆಟ್ಟು. ನೀವು ನೆಲಾನೇ ಕೊಡ್ತಿದ್ದೀರಲ್ಲ.”

ನೆಲ ಗಟ್ಟಿಯಾದ ಸುದ್ದಿ ನಂಜನಗೂಡಿಗೆ ಮುಟ್ಟಿ, ದೇವೀರಮ್ಮ ಬಂದಳು. ಹಿತ್ತಲಿಗೆ ಹೋಗಿ ಹೆಜ್ಜೆಯ ಗುಂಡಿಗಳನ್ನು ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ಕೇಳಿ ಮುಗಿಸಿ, ಒಗೆಯುವ ಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ಬಗ್ಗಿದಳು.

“ರೀ, ಆ ಕಡೆ ಇಷ್ಟೊಂದು ತಗ್ಗದೆ. ಅವರ ತಲೆ ನಿಮಗೆ ಹೆಂಗೆ ಕಾಣಿಸ್ತು?”

“ಯಾತರ ಮೇಲೋ ನಿಂತಿದ್ರು.”

“ಏಣಿ ಮೇಲೆ ಕಣ್ರೀ. ಇನ್ನೂ ಇಲ್ಲೇ ಒರಗಿಸವ್ರೆ.”

ನಾನು ನೇರವಾಗಿ ಪಕ್ಕದ ಮನೆಗೆ ಹೋದೆ. ಗುರುಸಿದ್ದಯ್ಯನವರು ಒಲೆಯ ಮುಂದೆ ಕುಳಿತಿದ್ದರು.

“ಏಣಿ ನಿಮ್ಮ ಕಾಲಡೀಲೇ ಇತ್ತಲ್ಲ, ಒಂದು ಮಾತು ಹೇಳ್ಬಾರ್ದಿತ್ತೇ?” ಎಂದೆ.

ಅವರು ಒಲೆಯ ಬೆಂಕಿ ಸರಿಮಾಡಿದರು.

“ಹೇಳ್ಬೋದಿತ್ತು,” ಎಂದರು. “ಹೇಳಿದ್ರೆ ನೀವು ಇಳಿದು ಹೊಂಟೋಗ್ಬುಡ್ತಿದ್ರಿ.”