ಮಿಲ್ ಹೌಸಿನ ಗಂಟಲು, ಹಲಗೂರಿನ ಹೆಣ್ಣು

ಸಕ್ಕರೆ ಕಾರ್ಖಾನೆಯ ಮಿಲ್ ಹೌಸಿನಲ್ಲಿ, ಅಂದರೆ ಕಬ್ಬು ಅರೆಯುವ ಜಾಗದಲ್ಲಿ, ದುಡಿದವನಿಗೆ ನಗೋದಕ್ಕೆ ನಾಟಕ ಬೇಕಿಲ್ಲ. ಕಿವಿಗಳೇ ಸಾಕು, ದಿನಕ್ಕೊಂದು ಕಥೆ ತರುತ್ತವೆ. ಎಪ್ಪತ್ತರ ದಶಕದಲ್ಲಿ ಮಂಡ್ಯ ಸೀಮೆಯ ಅಂಥದ್ದೊಂದು ಕಾರ್ಖಾನೆಯಲ್ಲಿ ನಾನು ಯಂತ್ರಗಳಿಗೆ ಎಣ್ಣೆ ಬಿಡುತ್ತಿದ್ದೆ. ಆ ಗದ್ದಲದಲ್ಲಿ ಕೂಗದೆ ಮಾತಿಲ್ಲ. ನನ್ನ ಜೊತೆಗಾರ ಫಿಟ್ಟರನಂತೂ ಮನೆಗೆ ಹೋದರೂ ಕೂಗುವುದು ಬಿಟ್ಟವನಲ್ಲ. ಅಪ್ಪಟ ಚಿನ್ನದಂಥ ಹುಡುಗ, ಆದರೆ ಆ ಗಂಟಲಿನ ದೆಸೆಯಿಂದ ಮದುವೆಯೇ ಕೂಡಿಬರುತ್ತಿರಲಿಲ್ಲ. ಅವನವ್ವ ನನ್ನ ಕೈ ಹಿಡಿದು, "ನೀನಾದ್ರೂ ಏನಾರ ಮಾಡಪ್ಪ, ನನ್ ಕಣ್ ಮುಚ್ಚಕ್ ಮುಂಚೆ ಸೊಸೆ ಮೊಕ ನೋಡ್ತೀನಿ" ಅಂದಾಗ ನಾನು ಹೂಂ ಅಂದುಬಿಟ್ಟಿದ್ದೆ.

ಪೂಜೆಗಿಟ್ಟ ಡಬ್ಬಿ

ಹೊಸದಾಗಿ ಬಂದ ಸೇಫ್ಟಿ ಸಾಹೇಬರು, ಗದ್ದಲಕ್ಕೆ ಕಿವಿ ಕೆಡದಿರಲಿ ಅಂತ, ನಮಗೆಲ್ಲ ಕಿವಿ ಮುಚ್ಚುವ ಇಯರ್ ಮಫ್ ಕೊಡಿಸಿದರು. ನಾವು ಅದಕ್ಕೆ ಕಿವಿಡಬ್ಬಿ ಅಂತಿದ್ದೆವು. ವಾರ ಕಳೆದು ಬಂದು ನೋಡಿದರೆ ಒಬ್ಬನ ತಲೆಯ ಮೇಲೂ ಇಲ್ಲ.

"ಎಲ್ಲಪ್ಪಾ ಅದು?" ಅಂದರು.

ಫಿಟ್ಟರ ಹೇಳಿದ, "ಮನೇಲದೆ ಸಾ. ಹೊಸಾದು, ಇಲ್ಗೆ ತಂದ್ರೆ ಗ್ರೀಸ್ ಮೆತ್ಕತದೆ."

ಸಾಹೇಬರು ಪಾಪ, ಒಳ್ಳೆ ಮನುಷ್ಯ. ನಾಳೆಯೇ ತಂದು ಯಂತ್ರದ ಪಕ್ಕ ಮೊಳೆಗೆ ನೇತುಹಾಕಬೇಕು ಅಂತ ಅಪ್ಪಣೆ ಮಾಡಿದರು. ತಂದೆವು. ಅಷ್ಟರಲ್ಲಿ ಆಯುಧಪೂಜೆ ಬಂತು. ಸ್ಪ್ಯಾನರು, ಸುತ್ತಿಗೆಗಳ ಜೊತೆ ಕಿವಿಡಬ್ಬಿಗೂ ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದೆವು. ಹಬ್ಬ ಮುಗಿಸಿಕೊಂಡು ಬಂದ ಸಾಹೇಬರು, "ಈಗಲಾದರೂ ಹಾಕ್ಕೊಳ್ರಪ್ಪ" ಅಂದರು.

"ಪೂಜೆ ಮಾಡಿರೋದ್ನ ಎಂಗ್ ಸಾ ಕಿವಿಗಾಕದು? ಬಂದಿದೀರ, ನೀವೂ ಒಂದ್ ಕೈ ಮುಗುದ್ಬುಡಿ" ಅಂದ ಫಿಟ್ಟರ.

ಸುತ್ತ ನಿಂತವರೆಲ್ಲ ಕೈ ಮುಗಿದುಕೊಂಡೇ ಇದ್ದೆವು. ಸಾಹೇಬರು ಆ ಕಡೆ ಈ ಕಡೆ ನೋಡಿ, ಬೂಟು ಬಿಚ್ಚಿದರು.

ಮಾದರಿ ಕೆಲಸಗಾರ

ಟರ್ಬೈನ್ ನೋಡಿಕೊಳ್ಳುತ್ತಿದ್ದ ಒಬ್ಬ ಮಾತ್ರ ಆಮೇಲೆ ಕಿವಿಡಬ್ಬಿಯನ್ನು ತಲೆಯಿಂದ ಇಳಿಸಲೇ ಇಲ್ಲ. ಊಟಕ್ಕೆ ಕೂತಾಗಲೂ ಅದು ತಲೆಯ ಮೇಲೇ. ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷ. ಅವನನ್ನು ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿ, ಹೆಗಲ ಮೇಲೆ ಕೈಯಿಟ್ಟು, "ಇವನನ್ನ ನೋಡಿ ಕಲೀರಿ. ಶಿಸ್ತು ಅಂದ್ರೆ ಇದು" ಅಂತ ಶುರುಮಾಡಿದರು. ಭಾಷಣ ಒಂದು ಹದಕ್ಕೆ ಬರುವ ಹೊತ್ತಿಗೆ ಆ ಮಾದರಿ ಕೆಲಸಗಾರ ತಲೆ ಚಚ್ಚಿಕೊಂಡು, "ಥೂ, ಔಟಾಗೋದ" ಅಂತ ಕುಸಿದು ಕೂತ.

ಡಬ್ಬಿ ತೆಗೆಸಿದರೆ ಒಳಗಿನಿಂದ ಸಣ್ಣ ವೈರು. ವೈರಿನ ಇನ್ನೊಂದು ತುದಿ ಜೇಬಿನ ಟ್ರಾನ್ಸಿಸ್ಟರಿನಲ್ಲಿ. ಟೆಸ್ಟ್ ಮ್ಯಾಚು ನಡೀತಿತ್ತು. ಸಾಹೇಬರ ಮುಖ ಕೆಂಪಗಾಯಿತು. ಅವರು ಬಗ್ಗಿ ಮೆಲ್ಲಗೆ ಕೇಳಿದರು, "ಯಾರು ಔಟು?"

ಮದ್ದೂರಿನ ಮನೆ

ಇನ್ನು ಫಿಟ್ಟರನ ಕಥೆ. ಮದ್ದೂರಿನಲ್ಲಿ ಒಂದು ಹೆಣ್ಣು ನೋಡಲು ಅವನು, ಅವನವ್ವ, ನಾನು ಹೋದೆವು. ದಾರಿಯುದ್ದಕ್ಕೂ "ಮೆತ್ತಗೆ ಮಾತಾಡ್ಲಾ" ಅಂತ ತಿದ್ದಿದ್ದೆ. ಹುಡುಗಿ ಬಂದು ತಲೆ ಬಗ್ಗಿಸಿ ಕೂತಳು. ಇವನು ತನ್ನ ಕೈಲಾದಷ್ಟು ಮೆತ್ತಗೆ, "ಎಷ್ಟನೇ ಕ್ಲಾಸು ಓದಿದ್ದೀಯವ್ವ?" ಅಂದ. ಹುಡುಗಿ ಎದ್ದು ಒಳಗೆ ಓಡಿದಳು. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡಿತು. ಮಾತುಕತೆ ಅಲ್ಲಿಗೆ ಬಿಟ್ಟು ಬೀಗರಾಗಬೇಕಾದವರೂ ನಾವೂ ಸೇರಿ ಎಮ್ಮೆ ಹಿಡಿದುಕೊಟ್ಟು ಬಂದೆವು.

ಬಸ್ಸಿನಲ್ಲಿ ಅವನು ಕಿಟಕಿ ಕಡೆ ಮುಖ ತಿರುಗಿಸಿ ಕೂತ. ನನಗೂ ಬೇಜಾರಾಯಿತು.

ಹತ್ತಿ

ಹಲಗೂರಿನಲ್ಲಿ ಇನ್ನೊಂದು ಹೆಣ್ಣು ನೋಡಲು ಹೊರಟಾಗ ನಾನೊಂದು ಉಪಾಯ ಮಾಡಿದೆ. ಕಿವಿಗೆ ಹತ್ತಿ ತುರುಕಿಕೊಂಡರೆ ತನ್ನ ದನಿಯೇ ತನಗೆ ತಲೆಯೊಳಗೆ ಗುಂಯ್ ಅನ್ನುತ್ತದೆ, ತಾನಾಗೇ ಮೆತ್ತಗೆ ಮಾತಾಡುತ್ತಾನೆ. ಬಸ್ ಸ್ಟ್ಯಾಂಡಿನಲ್ಲಿಳಿದು ತುರುಕಿದೆ. ನಿಜಕ್ಕೂ ಹಾಗೇ ಆಯಿತು. ಹೆಣ್ಣಿನ ಮನೆಯಲ್ಲಿ ಅವನು "ನಮಸ್ಕಾರ" ಅಂದದ್ದು ಹಸುಗೂಸು ಮಲಗಿಸುವ ಹಾಗಿತ್ತು. ಅವನವ್ವನ ಕಣ್ಣಲ್ಲಿ ನೀರು.

ಆದರೆ ಹೇಳುವುದು ಮೆತ್ತಗಾದರೆ ಸಾಕೇ, ಕೇಳಿಸಬೇಕಲ್ಲ. ಹುಡುಗಿ ಕಾಫಿ ಕೊಟ್ಟು, "ಸಕ್ರೆ ಸಾಕಾ?" ಅಂದಳು. ಇವನು ನಗುತ್ತಾ ಕೂತ. ಮತ್ತೆ ಕೇಳಿದಳು. ಮತ್ತೆ ನಕ್ಕ. ಆ ಹುಡುಗಿ ಅಪ್ಪನ ಅಕ್ಕಿ ಗಿರಣಿಗೆ ಬುತ್ತಿ ಹೊತ್ತುಕೊಂಡೇ ಬೆಳೆದವಳು, ಸದ್ದಿಗೆ ಕಿವಿಗೆ ಹತ್ತಿ ತುರುಕಿಕೊಳ್ಳುವವರನ್ನು ಕಂಡವಳು. ಇವನ ಮುಖ ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ಕಿವಿ ಮುಟ್ಟಿ, ಎರಡು ಬೆರಳಲ್ಲಿ ಎಳೆದು ತೆಗೆಯುವ ಹಾಗೆ ಸನ್ನೆ ಮಾಡಿದಳು. ಇವನು ಬೆಪ್ಪಾಗಿ ಹತ್ತಿ ತೆಗೆದ. ತೆಗೆದವನೇ, "ಕಾಫಿ ಚೆಂದಾಗದೆ" ಅಂದ. ಗೋಡೆಯ ಕ್ಯಾಲೆಂಡರು ಅಲ್ಲಾಡಿತು.

ಮುಗೀತು ಅಂದುಕೊಂಡೆ. ಅಷ್ಟರಲ್ಲಿ ಹುಡುಗಿಯ ಅಪ್ಪ ಅದಕ್ಕಿಂತ ದೊಡ್ಡ ದನಿಯಲ್ಲಿ, "ಈಗ್ ನೋಡು ಕಣಪ್ಪ, ಮಾತು ಅಂದ್ರೆ ಇದು. ಇಷ್ಟೊತ್ತೂ ಏನೋ ಗೊಣಗ್ತಿದ್ದೆ" ಅಂದರು.

ಹುಡುಗಿ ಮಾತ್ರ ಅಪ್ಪನಿಗೂ ಕೇಳುವ ಹಾಗೆ ದನಿಯೆತ್ತಿ ನೇರವಾಗಿ ಹೇಳಿದಳು, "ನಂಗೊಪ್ಗೆ. ಆದ್ರೆ ಮಿಲ್ಲಲ್ಲಿ ದಿನಾ ಕಿವಿ ಮುಚ್ಕಂಡೇ ಕೆಲ್ಸ ಮಾಡ್ಬೇಕು. ನಾಳೆ ನಾನೇಳೋದು ಕೇಳುಸ್ಬೇಕಲ್ಲ."

"ಕೇಳುಸ್ದಿದ್ರೇನೇ ಸಂಸಾರ ಸಲೀಸು ಕಣಮ್ಮ. ಬೇಕಾದ್ರೆ ನಿಮ್ಮವ್ವನ್ನ ಕೇಳು" ಅಂದರು ಅಪ್ಪ.

ಅದುವರೆಗೂ ಒಳಗೇ ಇದ್ದ ಆ ತಾಯಿ ಬಾಗಿಲಿಗೆ ಬಂದು ನಿಂತು, ಸಣ್ಣ ದನಿಯಲ್ಲಿ ಅಂದರು, "ಈವಯ್ಯಂಗೆ ಕೂಗಿ ಕೂಗಿ ನನ್ ಗಂಟ್ಲು ಬಿದ್ದೋಗದೆ. ಇನ್ನೊಂದ್ ಜನ್ಮಕ್ಕೆ ಈ ಗಂಡ ಬ್ಯಾಡ್ವೇ ಬ್ಯಾಡ."

ಅಪ್ಪನಿಗೆ ಒಂದಕ್ಷರವೂ ಕೇಳಿಸಲಿಲ್ಲ. "ನೋಡುದ್ರಾ, ಅವ್ಳೂ ಅದ್ನೇ ಏಳ್ತಾವ್ಳೆ" ಅಂತ ಹೆಂಡತಿಯನ್ನು ಪ್ರೀತಿಯಿಂದ ನೋಡಿ, ತಾಂಬೂಲದ ತಟ್ಟೆ ತರಿಸಿಯೇಬಿಟ್ಟರು.