ರಾಜಾಜಿನಗರಕ್ಕೆ ಬಂದ ಇಂಗ್ಲಿಷ್ ದೊರೆ

ಕಥೆ ಕೇಳಿ, ಸೆರಗು ಕೊಡವಿ, ಸುಮ್ಮನೆ ಎದ್ದುಹೋಗುವ ಜನ ನಮ್ಮ ಬೀದಿಯಲ್ಲಿ ಯಾವತ್ತೂ ಇರಲಿಲ್ಲ. ಕೇಳಿದ ಕಥೆಯನ್ನು ಅಡುಗೆಮನೆಗೆ, ನಲ್ಲಿಯ ಹತ್ತಿರಕ್ಕೆ, ಮಾರ್ಕೆಟ್ಟಿಗೆ ಹೊತ್ತುಕೊಂಡು ಹೋಗುವರು, ಹೋದ ಕಡೆ ಏನಾದರೂ ಎಡವಟ್ಟು ಮಾಡಿಕೊಂಡೇ ಬರುವರು. ನಾನೂ ಅವರಲ್ಲಿ ಒಬ್ಬಳು.

ರಾಜಾಜಿನಗರ ಆಗಿನ್ನೂ ಹೊಸದು. ನಮ್ಮ ಮಾವನ ರಾಗಿ ಹೊಲ ಬಡಾವಣೆಗೆ ಹೋಗಿ, ಅಲ್ಲೇ ಮೂಲೆಯಲ್ಲಿ ಒಂದು ಸೈಟು ಸಿಕ್ಕಿತ್ತು. ಮನೆ ಕಟ್ಟಿಸಿ ಪಕ್ಕದ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದೆವು. ಅದಕ್ಕೆ ಬಂದವರು ಒಬ್ಬ ಟೀಚರಮ್ಮ ಮತ್ತು ಅವರ ತಾಯಿ. ಟೀಚರಮ್ಮನಿಗೆ ಇಪ್ಪತ್ತಾರು ತುಂಬಿತ್ತು, ಮದುವೆ ಆಗಿರಲಿಲ್ಲ. ಬಂದ ಗಂಡುಗಳಲ್ಲಿ ಅರ್ಧ ಜನ ‘ಹುಡುಗಿ ಜಾಸ್ತಿ ಓದಿದಾಳೆ’ ಅಂತ ಬಿಟ್ಟುಹೋಗಿದ್ದರು. ಮಿಕ್ಕವರನ್ನು ಟೀಚರಮ್ಮನೇ ಬೇಡ ಅಂದಿದ್ದರು. ಗಂಡನನ್ನು ಕಳೆದುಕೊಂಡ ಆ ತಾಯಿಗೆ ಮಗಳ ಮದುವೆ ಬಿಟ್ಟರೆ ಇನ್ನೊಂದು ಯೋಚನೆ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ನಮ್ಮ ಜಗುಲಿಯಲ್ಲಿ ಅಕ್ಕಿ ಆರಿಸುತ್ತಾ ಕೂತರೆ, ಟೀಚರಮ್ಮ ಒಂದು ಇಂಗ್ಲಿಷ್ ಪುಸ್ತಕದ ಕಥೆ ಹೇಳೋರು. ಇಂಗ್ಲೆಂಡಿನಲ್ಲಿ ಸಾರೋಟು ಓಡಾಡುತ್ತಿದ್ದ ಕಾಲದ ಕಥೆ. ಒಬ್ಬ ಗಂಡು, ಭಾರಿ ಶ್ರೀಮಂತ, ಅಷ್ಟೇ ಜಂಬ. ಒಬ್ಬಳು ಹುಡುಗಿ, ಮನೆಯಲ್ಲಿ ಅಷ್ಟಕ್ಕಷ್ಟೆ, ಬಾಯಿ ಮಾತ್ರ ಜೋರು. ಅವರ ಹೆಸರು ನಮ್ಮ ಯಾರ ನಾಲಿಗೆಗೂ ಹತ್ತಲಿಲ್ಲ. ಅವನನ್ನು ದೊರೆ ಅಂದೆವು, ಅವಳನ್ನು ನಮ್ಮ ಹುಡುಗಿ ಅಂದೆವು.

ಕುಣಿಯದ ಗಂಡು

ಮೊದಲನೇ ಭಾನುವಾರ ಒಂದು ದೊಡ್ಡ ಮನೆಯಲ್ಲಿ ಕುಣಿತ. ಗಂಡಸರು ಹೆಂಗಸರು ಕೈಕೈ ಹಿಡಿದು ಕುಣಿಯುತ್ತಾ ಇದ್ದಾರೆ. ದೊರೆ ಮಾತ್ರ ಗೋಡೆಗೆ ಅಂಟಿಕೊಂಡು, ಮುಖ ಗಂಟುಹಾಕಿಕೊಂಡು ನಿಂತಿದ್ದಾನೆ. ಯಾರು ಕರೆದರೂ ಹೋಗಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ.

ಇಷ್ಟು ಹೇಳಿ ಟೀಚರಮ್ಮ ನಮ್ಮ ಮುಖ ನೋಡಿದರು. ಇಲ್ಲಿ ನಮಗೆಲ್ಲ ಅವನ ಮೇಲೆ ಸಿಟ್ಟು ಬರಬೇಕಾಗಿತ್ತಂತೆ.

ನಮ್ಮತ್ತೆ ಮೊರ ಕೆಳಗಿಟ್ಟರು. “ಅಷ್ಟು ಜನದಲ್ಲಿ ಮಾನ ಮರ್ಯಾದೆ ಇರೋನು ಅವನೊಬ್ಬನೇ ಅನ್ನು.”

“ಅಲ್ಲಮ್ಮ, ಅವನಿಗೆ ಜಂಬ.”

“ಕಂಡೋರ ಮನೆ ಹೆಣ್ಣುಮಕ್ಕಳ ಕೈ ಹಿಡಿದು ಕುಣಿಯಲ್ಲ ಅನ್ನೋದು ಜಂಬಾನಾ? ಸಂಭಾವಿತ ಹುಡುಗ.”

ಅವನಿಗೆ ಜಂಬ ಇತ್ತು ಅಂತ ಒಪ್ಪಿಸೋಕೆ ಟೀಚರಮ್ಮ ಕಥೆ ಮುಗಿಯೋವರೆಗೂ ಒದ್ದಾಡಿದರು. ಕೊನೆಯಲ್ಲಿ ದೊರೆಯೇ ಬಂದು ‘ನನ್ನದು ತಪ್ಪಾಯ್ತು’ ಅಂತ ಹುಡುಗಿಯ ಹತ್ತಿರ ಹೇಳಿಕೊಂಡ. ಆಗಲೂ ನಮ್ಮತ್ತೆ, “ಪಾಪ, ಯಾರೋ ಹೇಳಿಕೊಟ್ಟಿದಾರೆ,” ಅಂದರು.

ಬೀಗರೂಟ

ಕಥೆ ಮುಗಿಯಿತು. ಅವರಿಬ್ಬರಿಗೂ ಮದುವೆ ಆಯಿತು ಅಂದು ಟೀಚರಮ್ಮ ಪುಸ್ತಕ ಮುಚ್ಚಿದರು. ಜಗುಲಿಯಲ್ಲಿ ಯಾರೂ ಏಳಲಿಲ್ಲ.

“ಆಯ್ತು ಅಂದ್ರೆ?” ಅಂದರು ನಮ್ಮತ್ತೆ. “ಚಪ್ಪರ ಎಲ್ಲಿ ಹಾಕಿದ್ರು? ಧಾರೆ ಯಾರು ಎರೆದ್ರು?”

“ಪುಸ್ತಕದಲ್ಲಿ ಅದೆಲ್ಲ ಇಲ್ಲಮ್ಮ.”

“ಇಷ್ಟು ದಿನ ಕೂರಿಸಿಕೊಂಡು ಮದುವೇಗೇ ಕರೀಲಿಲ್ಲವಲ್ಲ, ಎಂಥಾ ಜನ ಅವರು?”

ಬೀದಿಯ ಮುಂದೆ ಮಾತು ಉಳಿಯಬೇಕಲ್ಲ, ಟೀಚರಮ್ಮ ಮುಂದಿನ ಭಾನುವಾರ ತಾವೇ ಮದುವೆ ಕಟ್ಟಿ ಹೇಳಿದರು. ಅಲ್ಲಿಂದಲೇ ಶುರು. ಅದೇ ದೊರೆ, ಅದೇ ಹುಡುಗಿ, ವಾರಕ್ಕೊಂದು ಹೊಸ ಕಥೆ. ಒಂದು ವಾರ ಅವರು ಜಾತ್ರೆಯಲ್ಲಿ ಭೇಟಿಯಾದರು, ಒಂದು ವಾರ ಛತ್ರದಲ್ಲಿ, ಒಂದು ವಾರ ಅವನಿಗೆ ಜ್ವರ ಬಂತು, ಇವಳು ಗಂಜಿ ಕೊಟ್ಟಳು. ಪ್ರತಿ ಸಲವೂ ಮೊದಲು ಜಗಳ, ಆಮೇಲೆ ರಾಜಿ, ಕೊನೆಗೆ ಮದುವೆ. ಇಬ್ಬರ ಬೆರಳು ತಾಗಿದರೆ ಅವತ್ತಿನ ಕಥೆಯಲ್ಲಿ ಅದೇ ದೊಡ್ಡ ಸುದ್ದಿ.

ಆ ಮೊದಲನೇ ಮದುವೆಯಲ್ಲಿ ಎಲ್ಲ ಚೆನ್ನಾಗಿತ್ತು, ಊಟ ಮಾತ್ರ ಸಪ್ಪೆ. ಟೀಚರಮ್ಮನಿಗೆ ಗೊತ್ತಿದ್ದದ್ದು ಹೋಳಿಗೆ, ಕೋಸಂಬರಿ. ನಮ್ಮತ್ತೆ ಬಿಡಲಿಲ್ಲ. “ಮಾರನೇ ದಿನ ಬೀಗರೂಟ ಹಾಕಬೇಕು. ಕುರಿ ಕಡಿಯದೆ ಬೀಗರನ್ನ ಕಳಿಸಿದ್ರೆ ನಮ್ಮ ಹುಡುಗಿಗೆ ಆ ಮನೇಲಿ ಏನು ಬೆಲೆ ಇರುತ್ತೆ?”

ಮನೆಯೊಳಗೆ ಬೆಳ್ಳುಳ್ಳಿಯನ್ನೂ ಸೇರಿಸದ ಟೀಚರಮ್ಮ ಅವತ್ತು ಕಣ್ಣು ಮುಚ್ಚಿಕೊಂಡು, ನಮ್ಮತ್ತೆ ಹೇಳಿಕೊಟ್ಟ ಹಾಗೇ, ಇಂಗ್ಲೆಂಡಿನಲ್ಲಿ ನಾಲ್ಕು ಕುರಿ ಕಡಿದರು.

ನಗುಮುಖದ ತರಕಾರಿಯವನು

ಆ ಕಥೆಗಳಲ್ಲೆಲ್ಲ ಇನ್ನೊಬ್ಬ ಇರುತ್ತಿದ್ದ. ನೋಡೋಕೆ ಲಕ್ಷಣ, ಬಾಯಿ ತೆರೆದರೆ ಸಕ್ಕರೆ, ಎಲ್ಲರ ಹತ್ತಿರವೂ ನಗುನಗುತ್ತಾ ಮಾತು. ಕೊನೆಗೆ ನೋಡಿದರೆ ಅವನೇ ಮೋಸಗಾರ, ಯಾರದೋ ಮನೆ ಹುಡುಗಿಯನ್ನು ಹಾರಿಸಿಕೊಂಡು ಹೋಗಿರುವನು. ದೊರೆ ಗುರ್ ಅಂತಲೇ ಇರುವನು, ಒಳಗೆ ಮಾತ್ರ ಬೆಣ್ಣೆ. ವಾರವಾರವೂ ಕೇಳಿ ಕೇಳಿ ನಮಗೆ ಒಂದು ಮಾತು ಖಾತ್ರಿಯಾಯಿತು. ನಗುವವರನ್ನು ನಂಬಬಾರದು.

ಬೀದಿಗೆ ಇಬ್ಬರು ತರಕಾರಿಯವರು ಬರುತ್ತಿದ್ದರು. ಕಾಮಾಕ್ಷಿಪಾಳ್ಯದ ಕಡೆಯಿಂದ ಬರುವವನು ‘ಅಕ್ಕಾ, ತಾಯೀ’ ಅಂತ ಹಲ್ಲು ಬಿಟ್ಟುಕೊಂಡು, ಕೊತ್ತಂಬರಿ ಕೊಸರು ಹಾಕುವನು. ಇನ್ನೊಬ್ಬ ಸಿಡುಕ. ಬೆಂಡೆಕಾಯಿಯ ತುದಿ ಮುರಿದು ನೋಡಿದರೆ ಕೈಯಿಂದ ಕಿತ್ತುಕೊಳ್ಳುವನು. ದೊರೆ ಕಥೆ ಶುರುವಾದ ಮೇಲೆ ನಗುವವನ ಬುಟ್ಟಿ ಬೀದಿಗೆ ಹೇಗೆ ಬಂತೋ ಹಾಗೇ ತುಂಬಿ ವಾಪಸ್ಸು ಹೋಯಿತು. ಸಿಡುಕನ ಸುತ್ತ ಜನವೋ ಜನ.

ಒಂದು ದಿನ ಅವನ ಬದನೆಕಾಯಿ ಹೆಚ್ಚುತ್ತಾ ಕೂತೆ. ಒಂದರಲ್ಲಿ ಹುಳ. ಇನ್ನೊಂದರಲ್ಲೂ ಹುಳ. ತಟ್ಟೆ ಒಯ್ದು ಅತ್ತೆಗೆ ತೋರಿಸಿದೆ.

ಅತ್ತೆ ಬಗ್ಗಿ ನೋಡಿದರು. “ಇರಲಿ ಬಿಡೇ,” ಅಂದರು. “ನಗ್ತಾ ಕೊಟ್ಟಿಲ್ಲವಲ್ಲ.”

ಬಸ್ಸಿನ ಮೆಟ್ಟಿಲು

ನಮ್ಮ ಯಜಮಾನರು ಮಿಲ್ಲಿನಲ್ಲಿ ಫಿಟ್ಟರು. ಭಾನುವಾರ ಮಧ್ಯಾಹ್ನ ಒಳಗೆ ಮಲಗಿರುತ್ತಿದ್ದರು. ಕಥೆ ನಡೆಯುವಾಗ ಮಾತ್ರ ಗೊರಕೆ ನಿಂತುಹೋಗುತ್ತಿತ್ತು.

ಒಂದು ವಾರ ದೊರೆ ಸಾರೋಟಿನಿಂದ ಮೊದಲು ತಾನು ಇಳಿದು, ತಿರುಗಿ ನಿಂತು ಕೈ ಚಾಚಿದ. ಹುಡುಗಿ ಅವನ ಅಂಗೈಯಲ್ಲಿ ಕೈಯಿಟ್ಟು ಇಳಿದಳು. ಅಷ್ಟಕ್ಕೇ ಜಗುಲಿಯೆಲ್ಲ ಅಕ್ಕಿ ಆರಿಸೋದು ಬಿಟ್ಟು ಕೂತಿತ್ತು.

ಆ ವಾರವೇ ನಾವಿಬ್ಬರೂ ಮಾರ್ಕೆಟ್ಟಿಗೆ ಹೋಗಿ ಬಸ್ಸಿನಲ್ಲಿ ಬಂದೆವು. ಮದುವೆಯಾದಾಗಿನಿಂದ ಬಸ್ಸು ಇಳಿದ ಮೇಲೆ ತಿರುಗಿಯೂ ನೋಡದೆ ನಡೆದುಬಿಡುವ ಮನುಷ್ಯ, ಅವತ್ತು ಕೆಳಗಿಳಿದು, ತಿರುಗಿ ನಿಂತು, ನನ್ನ ಕಡೆ ಕೈ ಚಾಚಿದರು. ಮುಖ ಮಾತ್ರ ಬೇರೆ ಕಡೆ.

ನಾನು ತರಕಾರಿ ಚೀಲ ಕೊಟ್ಟೆ.

ಹುಡುಗಿ ನೋಡೋಕೆ ಬಂದವರು

ಇಷ್ಟರಲ್ಲಿ ಟೀಚರಮ್ಮನಿಗೆ ಒಂದು ಸಂಬಂಧ ಬಂತು. ಹುಡುಗ ಕೆಂಗೇರಿಯಲ್ಲಿ ಹೈಸ್ಕೂಲು ಮೇಷ್ಟ್ರು. ಅಪ್ಪ ಅಮ್ಮ ಇಲ್ಲ, ಅಕ್ಕ ಸಾಕಿ ಓದಿಸಿದ್ದು. ಟೀಚರಮ್ಮನ ತಾಯಿ ಬಂದು ನಮ್ಮತ್ತೆಯ ಕೈ ಹಿಡಿದುಕೊಂಡರು. “ನಮಗೆ ಹಿರಿಯರು ಅಂತ ಯಾರೂ ಇಲ್ಲ. ನೀವು ಬಂದು ಕೂತ್ಕೊಳ್ಳಿ. ನೀವು ಹೂಂ ಅಂದ್ರೆ ನಾನೂ ಹೂಂ ಅಂತೀನಿ. ಇದೂ ತಪ್ಪಿಹೋದ್ರೆ ಮುಂದೆ ಯಾರು ಬರ್ತಾರೋ ಏನೋ.”

ನಮ್ಮತ್ತೆ ಒಗೆದ ಸೀರೆ ಉಟ್ಟುಕೊಂಡು ಹೋಗಿ ಚಾಪೆಯ ಮೇಲೆ ಕೂತರು. ಪಕ್ಕದಲ್ಲಿ ನಾನು.

ಹುಡುಗ ಅಕ್ಕನ ಜೊತೆ ಬಂದ. ಬರುತ್ತಲೇ ಎಲ್ಲರಿಗೂ ನಗುತ್ತಾ ಕೈಮುಗಿದ. ಉಪ್ಪಿಟ್ಟು ಬಾಯಿಗಿಟ್ಟು, “ಬಹಳ ರುಚಿಯಾಗಿದೆ,” ಅಂದ. ನಮ್ಮತ್ತೆಯ ಹುಬ್ಬು ಮೇಲಕ್ಕೆ ಹೋಯಿತು. ಕೇಸರಿಬಾತು ತಿಂದು, “ಇಂಥಾ ಕೇಸರಿಬಾತು ನಾನು ತಿಂದೇ ಇರಲಿಲ್ಲ,” ಅಂದ. ಅತ್ತೆ ನನ್ನನ್ನು ಮೊಣಕೈಯಿಂದ ತಿವಿದರು.

ಕಾಫಿ ತರೋಕೆ ನಾನು ಅಡುಗೆಮನೆಗೆ ಹೋದೆ. ಟೀಚರಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದರು. “ಇವರು ಪರವಾಗಿಲ್ಲ ಕಣ್ರೀ,” ಅಂದರು ಮೆಲ್ಲಗೆ. ಅಷ್ಟು ವರ್ಷದಲ್ಲಿ ಅವರು ಒಬ್ಬ ಗಂಡನ್ನು ಪರವಾಗಿಲ್ಲ ಅಂದದ್ದು ಅದೇ ಮೊದಲು. ನಾನು ಬೇಗಬೇಗ ಕಾಫಿ ಎತ್ತಿಕೊಂಡು ಹೊರಟೆ. ಹೊರಗೆ ನಮ್ಮತ್ತೆಯ ದನಿ ಆಗಲೇ ಏರಿತ್ತು.

“ಹುಡುಗಿಯರನ್ನ ಹಾರಿಸಿಕೊಂಡು ಹೋಗೋ ಅಭ್ಯಾಸ ಏನಾದ್ರೂ ಇದೆಯೇನಪ್ಪ?”

“ಇಲ್ಲಮ್ಮ,” ಅಂದ ಹುಡುಗ. ಅದಕ್ಕೂ ನಕ್ಕ.

“ನೋಡಿದ್ರಾ, ಅದಕ್ಕೂ ನಗ್ತಾನೆ,” ಅಂದರು ಅತ್ತೆ ಟೀಚರಮ್ಮನ ತಾಯಿಗೆ. “ಬೇಡ ಕಣಮ್ಮ. ಹುಡುಗ ತುಂಬಾ ನಗ್ತಾನೆ.”

ಆ ತಾಯಿ ಒಮ್ಮೆ ಅತ್ತೆಯ ಮುಖ, ಒಮ್ಮೆ ಅಡುಗೆಮನೆಯ ಬಾಗಿಲು ನೋಡಿದರು. ಕೊಟ್ಟ ಮಾತು ಒಂದು ಕಡೆ, ಮಗಳ ಮದುವೆ ಒಂದು ಕಡೆ. ಹುಡುಗನ ಅಕ್ಕ ತಟ್ಟೆ ಪಕ್ಕಕ್ಕೆ ಸರಿಸಿದಳು.

ಆಗ ಟೀಚರಮ್ಮ ತಾವಾಗಿಯೇ ನಡುಮನೆಗೆ ಬಂದರು. ಯಾರೂ ಕರೆದಿರಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ.

“ಇದರಲ್ಲಿ ಇವರ ತಪ್ಪಿಲ್ಲ,” ಅಂದರು ಹುಡುಗನಿಗೆ. “ನಾನು ವಾರವಾರ ಇವರಿಗೆ ಕಥೆ ಹೇಳ್ತೀನಿ. ಅದರಲ್ಲಿ ನಗೋರೆಲ್ಲ ಮೋಸಗಾರರು. ಮುಖ ಗಂಟು ಹಾಕ್ಕೊಂಡು ಎಲ್ಲರನ್ನೂ ಬೈಯೋನೇ ಒಳ್ಳೇ ಗಂಡು. ಈ ಮನೇಲಿ ನೀವು ಒಳ್ಳೆಯವರು ಅನ್ನಿಸಿಕೊಳ್ಳೋಕೆ ಅದೊಂದೇ ದಾರಿ.”

ಹುಡುಗ ಅವರ ಮುಖವನ್ನೇ ನೋಡಿದ. ನೋಡುತ್ತಾ ನಗು ನಿಂತಿತು. ಕಾಫಿ ಲೋಟ ಟಕ್ ಅಂತ ಕೆಳಗಿಟ್ಟ.

“ಇದೂ ಒಂದು ಊರಾ?” ಅಂದ. “ಬಸ್ಸು ಎಲ್ಲೋ ಇಳಿಸುತ್ತೆ, ಮನೆ ಎಲ್ಲೋ ಇರುತ್ತೆ. ದಾರಿಯುದ್ದಕ್ಕೂ ಕೆಮ್ಮಣ್ಣು ಧೂಳು, ಪಂಚೆಯ ಗತಿ ನೋಡಿ. ಉಪ್ಪಿಟ್ಟು ಗಂಟುಗಂಟು, ಕಾಫಿ ಕಲಗಚ್ಚು. ಇನ್ನು ಈ ಯಜಮಾನಿ, ನನ್ನನ್ನ ಕಳ್ಳನ ಥರ ಕೂರಿಸಿಕೊಂಡು ಕೇಳ್ತಾರಲ್ಲ, ಇವರನ್ನ ಪೊಲೀಸಿಗೆ ಯಾಕೆ ಸೇರಿಸಿಕೊಂಡಿಲ್ಲ?”

ನಮ್ಮತ್ತೆಯ ಮುಖ ನೋಡಬೇಕಿತ್ತು. ಸ್ವಂತ ಮಗ ಮಿಲ್ಲಿಗೆ ಸೇರಿದ ದಿನವೂ ಅಷ್ಟು ಅರಳಿರಲಿಲ್ಲ. “ಇವನೇ ಕಣಮ್ಮ,” ಅಂದರು ಆ ತಾಯಿಯ ಕೈ ಅದುಮಿ. “ಎಲೆ ಅಡಿಕೆ ತಟ್ಟೆ ತಗೊಂಡು ಬಾ.”

ಆದರೆ ಹುಡುಗನ ಅಕ್ಕನಿಗೆ ದೊರೆ ಗೊತ್ತಿಲ್ಲ, ನಮ್ಮ ಜಗುಲಿಯೂ ಗೊತ್ತಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ಒಂದು ಮಾತು ಅನ್ನದ ತಮ್ಮ ಕಂಡೋರ ಮನೆಯಲ್ಲಿ ಕೂತು ಹೀಗೆ ಬೈತಾ ಇದಾನೆ ಅಂದರೆ ಅವಳು ಏನು ತಿಳಿಯಬೇಕು? ಎದ್ದು ನಿಂತು ಅವನ ರಟ್ಟೆ ಹಿಡಿದಳು.

“ನಡಿಯೋ ಹೋಗೋಣ. ನಿನಗೆ ಹುಡುಗಿ ಹಿಡಿಸಲಿಲ್ಲ ಅಂದ್ರೆ ಹೊರಗೆ ಬಂದು ಹೇಳು, ಅದಕ್ಕೆ ಇಷ್ಟು ಬೈಯೋದಾ?”

ಅವನು ಕೂತಲ್ಲಿಂದ ಕದಲಲಿಲ್ಲ. ಮುಖದ ಗಂಟೂ ಬಿಡಲಿಲ್ಲ.

“ಹಿಡಿಸಿದಾಳೆ ಅಕ್ಕ,” ಅಂದ. “ಅದಕ್ಕೇ ಬೈತಾ ಇರೋದು.”