ಹಗಲು ಕಥೆಯೂ ದಾರಿ ತಪ್ಪಿದ ಸೋದರಮಾವನೂ

ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ಎಲ್ಲವನ್ನೂ ಅನುಮಾನಿಸಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಅಲ್ಲಿ ಕಲಿತ ಉಳಿದದ್ದೆಲ್ಲ ಮರೆತು ಇದೊಂದು ಉಳಿದುಕೊಂಡಿತು. ದೇವರು, ದೆವ್ವ, ಜಾತಕಗಳನ್ನು ಅನುಮಾನಿಸಿ ಮುಗಿದ ಮೇಲೆ ಈಗ ನನ್ನ ಸರದಿ ಬಂದಿದೆ. ಗೇಟು ಹಾಕಿದೆನೇ, ಇಲ್ಲವೇ? ಅರ್ಧ ದಾರಿಯಿಂದ ವಾಪಸು ಬಂದು ನೋಡಿದರೆ ಗೇಟು ಭದ್ರವಾಗಿ ಹಾಕಿರುತ್ತದೆ. ಕೈಯಲ್ಲಿರಬೇಕಾದ ಊಟದ ಡಬ್ಬಿ ಕಾಂಪೌಂಡಿನ ಮೇಲೆ ಕೂತು ನನ್ನ ದಾರಿ ಕಾಯುತ್ತಿರುತ್ತದೆ.

ನನ್ನ ಕೆಲಸ ಹಿರಿಯೂರಿನ ಒಂದು ಸಣ್ಣ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ. ರೈತರು ಚೀಲದಲ್ಲಿ ತಂದುಕೊಟ್ಟ ಮಣ್ಣನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿಯಬೇಕು. ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. ಖಾಲಿ ಬಿಟ್ಟ ಕಿವಿಯೊಳಗೆ ನನ್ನ ಅನುಮಾನಗಳೇ ಬಂದು ಸಂತೆ ಕಟ್ಟುತ್ತವೆ. ಅದಕ್ಕಾಗಿ ಇಯರ್‌ಫೋನ್ ಸಿಕ್ಕಿಸಿಕೊಂಡು ಆಡಿಯೋ ಪುಸ್ತಕ ಕೇಳತೊಡಗಿದೆ. ಅದರಲ್ಲೂ ಮಾಯಾಲೋಕದ ಕಥೆಗಳು. ಯಾವುದನ್ನೂ ನಂಬದವನಿಗೆ ಹಾರುವ ಕುದುರೆ ಏಕೆ ಎಂದು ನೀವು ಕೇಳಬಹುದು. ಕಾರಣ ಸರಳ: ಅದನ್ನು ನಂಬು ಎಂದು ಯಾರೂ ನನ್ನನ್ನು ಪೀಡಿಸುವುದಿಲ್ಲ.

ಆದರೆ ಒಳ್ಳೆಯ ಕಥೆ ಸಿಕ್ಕಷ್ಟು ಸುಲಭವಾಗಿ ಒಳ್ಳೆಯ ದನಿ ಸಿಗುವುದಿಲ್ಲ. ಮೊದಲು ಸಿಕ್ಕವರು ರಾಕ್ಷಸನ ಸಾವನ್ನು ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಹೇಳುವಂತೆ ಓದಿದರು. ರಾಕ್ಷಸ ಎಷ್ಟನೇ ಪ್ಲಾಟ್‌ಫಾರಂನಲ್ಲಿ ಸತ್ತ ಎಂಬುದೊಂದೇ ಬಾಕಿ. ಎರಡನೆಯವರು ನಾಟಕದ ಗೀಳಿನವರು. ಅವರ ರಾಜಕುಮಾರಿ ನೀರು ಕೇಳಿದರೂ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಜರಡಿ ಅಲುಗಿ ಮಣ್ಣೆಲ್ಲ ಚೆಲ್ಲುತ್ತಿತ್ತು. ಮೂರನೆಯದು ಮನುಷ್ಯರೇ ಅಲ್ಲ, ಯಂತ್ರ. ಅದಕ್ಕೆ ಪಟ್ಟಾಭಿಷೇಕವೂ ಒಂದೇ, ಪಲ್ಯದ ಒಗ್ಗರಣೆಯೂ ಒಂದೇ.

ಹೀಗೆ ಅಲೆದಾಡುವಾಗ ಒಬ್ಬ ಹೆಂಗಸಿನ ದನಿ ಸಿಕ್ಕಿತು. ಹೆಸರು ಹೇಳಿದ್ದರು, ನಾನು ಮರೆತೆ; ಋಣವನ್ನು ಮರೆತಿಲ್ಲ. ಜನರು ಮರೆತ ನೆನಪುಗಳನ್ನು ಕೋಳಿಗಳಂತೆ ಗೂಡಿನಲ್ಲಿ ಸಾಕುವ ಮುದುಕಿಯೊಬ್ಬಳ ಕಥೆ ಅದು. ಬಾಗಿಲು ತೆರೆಯುವ ಮುನ್ನ ಆ ದನಿ ಒಂದು ಉಸಿರು ನಿಲ್ಲುತ್ತಿತ್ತು. ಆ ಒಂದು ಉಸಿರಿನಲ್ಲಿ ನನ್ನ ಜರಡಿಯೂ ನಿಲ್ಲುತ್ತಿತ್ತು. ಕಥೆಯ ಕೋಟೆ ನನ್ನ ಕಣ್ಣಿಗೆ ದುರ್ಗದ ಕೋಟೆಯಾಗಿಯೇ ಕಾಣುತ್ತಿತ್ತು, ಮುದುಕಿ ನಮ್ಮ ಅಜ್ಜಿಯಾಗಿ. ನನ್ನ ಕಳೆದುಹೋದ ನೆನಪುಗಳೂ ಯಾರದೋ ಗೂಡಿನಲ್ಲಿ ಸುಖವಾಗಿ ಕಾಳು ತಿನ್ನುತ್ತಿರಬಹುದು ಎಂದುಕೊಂಡಾಗ ಎಷ್ಟೋ ದಿನಗಳ ನಂತರ ಮನಸ್ಸು ಹಗುರಾಯಿತು.

ತಕರಾರು ತೆಗೆದದ್ದು ಅಮ್ಮ. ರಜೆಯ ದಿನ ಕಾಯಿ ತುರಿಯುತ್ತಾ ಕೇಳುತ್ತಿದ್ದವನ ಕಿವಿಯಿಂದ ವೈರು ಕಿತ್ತು, "ಏನಪ್ಪ, ಹಗಲೊತ್ತು ಕಥೆ ಕೇಳ್ತೀಯಲ್ಲ, ಸೋದರಮಾವ ದಾರಿ ತಪ್ತಾನೆ ಅಂತ ನಿಮ್ಮಜ್ಜಿ ಹೇಳ್ತಿರಲಿಲ್ವ?" ಎಂದರು. ಅಜ್ಜಿ ಏನೋ ಹೇಳುತ್ತಿದ್ದದ್ದು ನಿಜ. ಆದರೆ ದಾರಿ ತಪ್ಪುವವನು ಸೋದರಮಾವನೋ, ಬರೀ ದಾರಿಹೋಕನೋ ಎಂಬುದು ನನಗೆ ನೆನಪಿಲ್ಲ. "ನನಗೆ ಸೋದರಮಾವನೇ ಇಲ್ಲವಲ್ಲಮ್ಮ, ನಿನಗೆ ಅಣ್ಣತಮ್ಮಂದಿರೇ ಇಲ್ಲ" ಎಂದು ವಾದ ಹೂಡಿದೆ. "ನಿನಗಿಲ್ದಿದ್ರೆ ಮಗಳಿಗೆ ಅದಾನಲ್ಲೋ" ಎಂದರು ಅಮ್ಮ. ನಾನು ನಕ್ಕು ವೈರನ್ನು ಮತ್ತೆ ಸಿಕ್ಕಿಸಿಕೊಂಡೆ.

ಮಗಳಿಗಿರುವ ಮಾವ ಒಬ್ಬನೇ: ಹೆಂಡತಿಯ ತಮ್ಮ ತಿಪ್ಪೇಸ್ವಾಮಿ, ಹೊಳಲ್ಕೆರೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಮರುವಾರ ಮಗಳು ಸಿರಿಯ ಕಿವಿ ಚುಚ್ಚುವ ಶಾಸ್ತ್ರವಿತ್ತು. ನಮ್ಮಲ್ಲಿ ಮಗುವನ್ನು ಸೋದರಮಾವನೇ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು, ಓಲೆಯನ್ನೂ ಅವನೇ ತರಬೇಕು. ತೊಡೆಯೂ ಓಲೆಯೂ ಬೆಳಗಿನ ಬಸ್ಸು ಹತ್ತಿ ಚಿತ್ರದುರ್ಗದ ಮೇಲೆ ಬರುತ್ತಿವೆ ಎಂದು ಸುದ್ದಿಯಿತ್ತು. ಕಿವಿ ಚುಚ್ಚುವ ಆಚಾರ್ರು ಬಂದರು, ಕಾಫಿ ಕುಡಿದರು, ಗಡಿಯಾರ ನೋಡಿದರು. ತಿಪ್ಪೇಸ್ವಾಮಿ ಬರಲಿಲ್ಲ. ಫೋನು ಸ್ವಿಚ್ ಆಫ್.

ಹೆಂಡತಿ ಶೈಲಜಾ ಬಾಗಿಲಿಗೂ ಅಡುಗೆಮನೆಗೂ ಓಡಾಡತೊಡಗಿದಳು. "ರೀ, ನನ್ ತಮ್ಮ ಯಾವತ್ತೂ ಫೋನ್ ಆಫ್ ಮಾಡೋನಲ್ಲ. ಹೈವೇಲಿ ಏನಾರ ಆಗಿದ್ರೆ?" ಎಂದಳು. ಅಮ್ಮ ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಇಯರ್‌ಫೋನನ್ನೊಮ್ಮೆ ನೋಡಿದರು, ಅಷ್ಟೆ. ಅನುಮಾನಿಸುವುದು ನನ್ನ ಧರ್ಮ, ಸರಿ. ಆದರೆ ಆ ಗಳಿಗೆಯಲ್ಲಿ ನನ್ನ ಅನುಮಾನದ ಮೇಲೆಯೇ ನನಗೆ ಅನುಮಾನ ಬಂತು. ಬೆಳಗ್ಗೆ ಕಾಯಿ ತುರಿಯುವಾಗಲೂ ಒಂದು ಅಧ್ಯಾಯ ಕೇಳಿದ್ದೆ.

ಅಷ್ಟರಲ್ಲಿ ಆಚಾರ್ರು ಚೀಲ ಕಟ್ಟಿ ಎದ್ದರು. "ಬಬ್ಬೂರಲ್ಲಿ ಇನ್ನೊಂದು ಮನೆ ಐತೆ ಸಾ, ಇನ್ನೊಂದಿನ ನೋಡಾಣ ಬಿಡ್ರಿ." ಶೈಲಜಾ ಕಣ್ಣು ತುಂಬಿಕೊಂಡಳು. ಏನು ಮಾಡಬೇಕೆಂದು ತೋಚದೆ, "ಎರಡು ನಿಮಿಷ ಕುಂತ್ಕಳ್ರಿ, ಒಂದು ಕಥೆ ಕೇಳಿ" ಎಂದು ಫೋನಿನ ದನಿಯನ್ನು ಜೋರು ಮಾಡಿ ಅವರ ಮುಂದಿಟ್ಟೆ. ಅಮ್ಮ ಎದೆಗೆ ಕೈಯಿಟ್ಟುಕೊಂಡು, "ಲೇ, ನಿಲ್ಸೋ! ಹೋದೋನು ಇನ್ನೂ ದೂರ ಹೋಗ್ತಾನೆ!" ಎಂದು ಕೂಗಿದರು. ಆದರೆ ಮುದುಕಿ ಗೂಡಿನ ಬಾಗಿಲಿಗೆ ಕೈಯಿಟ್ಟಾಗಿತ್ತು, ಆ ದನಿ ತನ್ನ ಒಂದು ಉಸಿರು ನಿಂತಾಗಿತ್ತು. ಆಚಾರ್ರ ಚೀಲ ನೆಲಕ್ಕಿಳಿಯಿತು. ಸ್ವಲ್ಪ ಹೊತ್ತಿಗೆ ಆಚಾರ್ರೂ ಇಳಿದರು. ಬಬ್ಬೂರಿನವರು ಫೋನು ಮಾಡಿದಾಗ, "ಬರ್ತೀನಿ ತಡೀರಿ, ಇಲ್ಲಿ ಬಾಗ್ಲು ತೆಗೀತಾ ಅದಾಳೆ" ಎಂದು ಗದರಿಬಿಟ್ಟರು.

ಆಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. "ಭಾವ, ನಾನು ತಿಪ್ಪೇಸ್ವಾಮಿ. ಜವನಗೊಂಡನಹಳ್ಳೀಲಿ ಅದೀನಿ. ಟೀ ಅಂಗ್ಡಿಯೋರ ಫೋನಿದು." ಹಿರಿಯೂರು ದಾಟಿ ಶಿರಾ ಕಡೆಗೆ ಸಾಕಷ್ಟು ಮುಂದೆ ಇರುವ ಊರದು. ಶೈಲಜಾ ಫೋನು ಕಿತ್ತುಕೊಂಡು, ಬದುಕಿದ್ದಾನೆಂದು ಖಾತ್ರಿಯಾದ ತಕ್ಷಣ, "ಹಿರಿಯೂರು ಕಾಣಲಿಲ್ವೇನೋ ನಿಂಗೆ, ಕತ್ತೆ!" ಎಂದು ಬೈಯತೊಡಗಿದಳು. ಆ ಬೈಗುಳ ನನಗೆ ಮಂಗಳವಾದ್ಯದಂತೆ ಕೇಳಿಸಿತು.

ಎಳನೀರು ತುಂಬಿದ ಗಾಡಿಯಲ್ಲಿ ಬಂದಿಳಿದ ತಿಪ್ಪೇಸ್ವಾಮಿ ಸಿರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅವಳು ಒಂದು ಕಿವಿಗೆ ಅತ್ತಳು, ಇನ್ನೊಂದಕ್ಕೆ ಮಾವನ ಅಂಗಿ ಕಚ್ಚಿದಳು. ಎಲ್ಲ ಮುಗಿದ ಮೇಲೆ ಅಮ್ಮ ಮೆಲ್ಲಗೆ ಕೇಳಿದರು: "ಅದೆಂಗಪ್ಪ ದಾರಿ ತಪ್ಪಿದ್ದು?"

"ಕಥೆ ಕೇಳ್ತಾ ಇದ್ದೆ ಅತ್ತೆ" ಎಂದ ತಿಪ್ಪೇಸ್ವಾಮಿ. "ಕೋಳಿ ಗೂಡಿನ ಮುದುಕಿದು. ಕಂಡಕ್ಟ್ರು ಹಿರಿಯೂರು ಅಂತ ಕೂಗಿದ್ದು ಕಿವೀಗೆ ಬೀಳ್ಲೇ ಇಲ್ಲ. ಆಮೇಲೆ ಚಾರ್ಜೂ ಮುಗೀತು."

ನಾನು ಗಂಟಲು ಸರಿಮಾಡಿಕೊಂಡೆ. ನೋಡಮ್ಮ, ಇದರಲ್ಲಿ ಪವಾಡವೇನಿಲ್ಲ. ಕಿವಿ ಮುಚ್ಚಿತ್ತು, ಊರು ದಾಟಿತು, ಬ್ಯಾಟರಿ ಇಳಿಯಿತು, ಪ್ರತಿಯೊಂದಕ್ಕೂ ಕಾರಣವಿದೆ ಎಂದು ಬಿಡಿಸಿ ಹೇಳಿದೆ. ಅಮ್ಮ ತಾಳ್ಮೆಯಿಂದ ಕೇಳಿ, "ಅದನ್ನೇ ಅಲ್ವೇನಪ್ಪ ನಿಮ್ಮಜ್ಜಿ ಹೇಳಿದ್ದು?" ಎಂದರು.

ನಾನು ತಿಪ್ಪೇಸ್ವಾಮಿಯ ಕಡೆ ತಿರುಗಿದೆ. "ಅಲ್ಲಯ್ಯ, ಆ ಕಥೆ ನಿನಗೆ ಕೊಟ್ಟವರು ಯಾರು?"

ಅವನು ನನ್ನನ್ನೇ ನೋಡಿದ. "ಒಳ್ಳೆ ಭಾವ ನೀವು! ಮೊನ್ನೆ ನೀವೇ ಕಳ್ಸಿ, ನೀವೇ ಫೋನ್ ಮಾಡಿ ಹೇಳಿದ್ರಲ್ಲ, ಬಸ್ಸಲ್ಲಿ ಕೇಳ್ಕೊಂಡು ಬಾ, ದಾರಿ ಸಾಗಿದ್ದೇ ಗೊತ್ತಾಗಲ್ಲ ಅಂತ!"

ನನಗೆ ಇವತ್ತಿಗೂ ನೆನಪಿಲ್ಲ. ಮಾತು ಮಾತ್ರ ನನ್ನದೇ ಇದ್ದಂತಿದೆ. ಈಗಲೂ ನಾನು ಆ ದನಿಗೆ ಮನಸ್ಸಿನಲ್ಲೇ ಕೈಮುಗಿದು ದಿನವೂ ಮಣ್ಣು ಜರಡಿ ಹಿಡಿಯುತ್ತೇನೆ. ತಿಪ್ಪೇಸ್ವಾಮಿ ಊರಿಂದ ಹೊರಟನೆಂದು ಸುದ್ದಿ ಬಂದರೆ ಮಾತ್ರ ಇಯರ್‌ಫೋನು ತೆಗೆದು ಜೇಬಿಗೆ ಹಾಕುತ್ತೇನೆ. ನಂಬಿಕೆ ಬಂದಿದೆ ಎಂದಲ್ಲ. ನನ್ನ ಮಗಳಿಗೆ ಇರುವುದು ಒಬ್ಬನೇ ಮಾವ.